ರಿಸ್ಕ್ ಪಟ್ಟಿಯಲ್ಲಿ ಜನಾಂಗ: ಯಾರ ಪರವಾಗಿ ಹಾಜರಿ?

(ಕೋಲಾರದಲ್ಲಿ ವೈದ್ಯಕೀಯ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದಮೇಲಿನ ಹೊತ್ತಿನಲ್ಲಿ ಭಾಷಣ ಕೇಳುವುದು ಕಷ್ಟ. ಅದಕ್ಕೇ ಪರೀಕ್ಷೆಯಲ್ಲಿ ಬರುವಂಥ ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ.

40 ವರ್ಷದ ಆಫ್ರಿಕನ್ ಅಮೆರಿಕನ್ ಹೆಂಗಸು. ಒಣಕೆಮ್ಮು, ಸುಸ್ತು. ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ, ಶ್ವಾಸಕೋಶಕ್ಕೆ ಉಸಿರಿನ ಕೊಳವೆ ಸೇರುವ ಜಾಗದಲ್ಲಿ, ಗಂಟುಗಳು ಕಾಣುತ್ತಿವೆ. ಏನು ಕಾಯಿಲೆ?

ನೋಡಿ, ಕೊನೆಯ ಬೆಂಚಿನಿಂದಲೂ ಉತ್ತರ ಬಂತು. ಸಾರ್ಕಾಯ್ಡೋಸಿಸ್, ಅಂದರೆ ಶ್ವಾಸಕೋಶದಲ್ಲಿ, ಗ್ರಂಥಿಗಳಲ್ಲಿ ಉರಿಯೂತದ ಗಂಟು ಕಟ್ಟುವ ಕಾಯಿಲೆ. ಈಗ ಒಂದೇ ಒಂದು ಬದಲಾವಣೆ ಮಾಡೋಣ. ವಯಸ್ಸು ಅದೇ, ಕೆಮ್ಮು ಅದೇ, ಎಕ್ಸ್‌ರೇ ಅದೇ. ಹೆಂಗಸು ಮಾತ್ರ ಮುಳಬಾಗಿಲಿನವರು. ಈಗ ಎಲ್ಲರೂ ಟಿಬಿ ಅಂತೀರಿ.

ಟಿಬಿ ಅಂದದ್ದು ತಪ್ಪಲ್ಲ. ನಮ್ಮಲ್ಲಿ ಟಿಬಿ ಜಾಸ್ತಿ, ಮೊದಲು ಅದನ್ನೇ ನೋಡಬೇಕು. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಸಾರ್ಕಾಯ್ಡೋಸಿಸ್ ಭಾರತದಲ್ಲಿ ಅಪರೂಪ ಅಂತ ಬಹಳ ಕಾಲ ನಂಬಿಕೆ ಇತ್ತು. ಆ ನಂಬಿಕೆಯಿಂದ ಎಷ್ಟೋ ಜನ ಸುಮ್ನೆ ಟಿಬಿ ಮಾತ್ರೆ ನುಂಗಿದರು. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು ಹೆಚ್ಚಾದ ಹಾಗೆ ಕಾಯಿಲೆಯೂ ಹೆಚ್ಚು ಕಾಣತೊಡಗಿತು. ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಹುಟ್ಟು ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಕಥೆಯೂ ಇದೇ. 'ಬಿಳಿಯರ ಕಾಯಿಲೆ' ಅಂತ ಪುಸ್ತಕದಲ್ಲಿ ಇದ್ದದ್ದರಿಂದ ನಮ್ಮ ಮಕ್ಕಳಲ್ಲಿ ಅದನ್ನು ಹುಡುಕುವವರೇ ಕಡಿಮೆ ಇದ್ದರು. ಹುಡುಕದೇ ಇದ್ದದ್ದು ಸಿಗುವುದಿಲ್ಲ ಅಲ್ವಾ?

ಇವತ್ತಿನ ವಿಷಯ ಇದೇ. ಪಠ್ಯಪುಸ್ತಕದಲ್ಲಿ ರಿಸ್ಕ್ ಫ್ಯಾಕ್ಟರ್, ಅಂದರೆ ಕಾಯಿಲೆಯ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿ ಇರುತ್ತದೆ. ವಯಸ್ಸು, ಬೀಡಿ ಸಿಗರೇಟು, ಬೊಜ್ಜು, ಆಮೇಲೆ 'ಜನಾಂಗ'. ಬೀಡಿ ಹೇಗೆ ಕಾಯಿಲೆ ತರುತ್ತದೆ ಅಂತ ಕೇಳಿದರೆ ನೀವು ಅರ್ಧ ಗಂಟೆ ಹೇಳುತ್ತೀರಿ. ಜನಾಂಗ ಹೇಗೆ ತರುತ್ತದೆ ಅಂದರೆ? ಅಲ್ಲಿ ಮಾತು ನಿಲ್ಲುತ್ತದೆ. ಯಾಕೆಂದರೆ ಆ ಸಾಲಿನಲ್ಲಿ ಜನಾಂಗ ಬಹಳ ಸಲ ಬೇರೆ ಯಾವುದೋ ವಸ್ತುವಿನ ಪರವಾಗಿ ನಿಂತಿರುತ್ತದೆ. ನಿಮ್ಮ ಕ್ಲಾಸಿನಲ್ಲಿ ಗೈರುಹಾಜರಾದ ಗೆಳೆಯನ ಪರವಾಗಿ ಇನ್ನೊಬ್ಬ 'ಎಸ್ ಸರ್' ಅನ್ನುತ್ತಾನಲ್ಲ, ಹಾಗೆ. ಹಾಜರಿ ಪುಸ್ತಕದಲ್ಲಿ ಗುರುತು ಬೀಳುತ್ತದೆ. ನಿಜವಾದ ಆಸಾಮಿ ಬೇರೆ ಎಲ್ಲೋ ಇರುತ್ತಾನೆ.

ದೂರದ ಉದಾಹರಣೆ ಆಮೇಲೆ ಕೊಡುತ್ತೇನೆ. ಮೊದಲು ಕೆಜಿಎಫ್.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಶುರು ಮಾಡಿತು. 2001ರಲ್ಲಿ ಗಣಿ ಮುಚ್ಚಿತು. ನಡುವೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಇಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಅಲ್ಲಿನ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾಗದೆ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಗಳು ಕೂಡಿಕೊಂಡ ಹಾಗೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಅದರ ಮೇಲೆ ಟಿಬಿ ಸುಲಭವಾಗಿ ಬಂದು ಕೂರುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರ ತಪಾಸಣೆ ಆದಾಗ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನರಲ್ಲಿ ಅದು ಕಂಡಿತು.

ಈಗ ಯೋಚನೆ ಮಾಡಿ. ಗಣಿಯ ಆಳಕ್ಕೆ ಇಳಿಯುತ್ತಿದ್ದವರು ಯಾರು? ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು. ಮೇಲ್ವಿಚಾರಕರು ಯೂರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಆಗಿನ ಒಬ್ಬ ಡಾಕ್ಟರು ಆ ಲೆಕ್ಕವನ್ನು ಜನಾಂಗದ ಪ್ರಕಾರ ಟೇಬಲ್ ಮಾಡಿದ್ದಾರೆ ಅಂದುಕೊಳ್ಳಿ. ಆ ಟೇಬಲ್ ಏನು ಹೇಳುತ್ತಿತ್ತು? ಒಂದು ಜನಾಂಗಕ್ಕೆ ಸಿಲಿಕೋಸಿಸ್ ವಿಪರೀತ, ಇನ್ನೊಂದಕ್ಕೆ ಕಡಿಮೆ. ಅಂಕಿ ಸುಳ್ಳಲ್ಲ. ವ್ಯತ್ಯಾಸ ಕಾಕತಾಳೀಯ ಅಲ್ಲ ಅಂತ ಸೂಚಿಸುವ ಪಿ ವ್ಯಾಲ್ಯೂ ಕೂಡ ಚೆನ್ನಾಗಿಯೇ ಬರುತ್ತಿತ್ತು. ಮಾರನೆಯ ವರ್ಷ ಅದು ಪಾಠವಾಗುತ್ತಿತ್ತು: 'ಈ ಜನಾಂಗದವರ ಶ್ವಾಸಕೋಶ ದುರ್ಬಲ.' ಕಂಪನಿಗೂ ಅದು ಬಹಳ ಅನುಕೂಲದ ಪಾಠ. ದೂಳು ಕಡಿಮೆ ಮಾಡಲು ನೀರು ಹಾಯಿಸಿ ಕೊರೆಯಬೇಕು, ಗಾಳಿ ಆಡುವ ಹಾಗೆ ಮಾಡಬೇಕು, ಅದಕ್ಕೆಲ್ಲ ದುಡ್ಡು ಬೇಕು. ಶ್ವಾಸಕೋಶವೇ ದುರ್ಬಲ ಅಂದರೆ ಖರ್ಚೇ ಇಲ್ಲ.

ನಾನು ಕಲ್ಪಿಸಿ ಹೇಳಿದ ಈ ಟೇಬಲ್ ಅಮೆರಿಕದಲ್ಲಿ ನಿಜವಾಗಿಯೂ ನಡೆದಿದೆ. ಅಲ್ಲಿ ಗಣಿಯ ಬದಲು ತೋಟ, ಕಾರ್ಮಿಕರ ಬದಲು ಗುಲಾಮರು. 1840ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಸ್ಪೈರೋಮೀಟರ್ ತಂದ. ಜೋರಾಗಿ ಊದಿದರೆ ಎಷ್ಟು ಗಾಳಿ ಬರುತ್ತದೆ ಅಂತ ಅಳೆಯುವ ಯಂತ್ರ. ಸ್ವಲ್ಪ ಕಾಲದಲ್ಲೇ ಅಮೆರಿಕದ ದಕ್ಷಿಣದ ಡಾಕ್ಟರು ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅದನ್ನು ಹಿಡಿದು ಕಪ್ಪು ಜನರ ಶ್ವಾಸಕೋಶದ ಶಕ್ತಿ ಕಡಿಮೆ ಅಂತ ಬರೆದ. ದುಡಿಮೆಯೇ ಅವರಿಗೆ ಒಳ್ಳೆಯದು ಅಂತಲೂ ಸೇರಿಸಿದ. ಗುಲಾಮರು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಅಂತ 1851ರಲ್ಲಿ ಹೆಸರಿಟ್ಟ ಮಹಾಶಯ ಇವನೇ. ಇದನ್ನು ಕೇಳಿ ನೀವು ನಗುತ್ತಿದ್ದೀರಿ. ಆದರೆ 'ಜನಾಂಗದ ತಿದ್ದುಪಡಿ' ಅನ್ನುವುದು ಸ್ಪೈರೋಮೀಟರ್ ಒಳಗೆ ನಮ್ಮ ಕಾಲದವರೆಗೂ ಉಳಿಯಿತು. ಕಪ್ಪು ಜನರಿಗೆ ಶೇ 10ರಿಂದ 15, ಏಷ್ಯಾದವರಿಗೆ ಶೇ 4ರಿಂದ 6 ಕಡಿಮೆ ಇದ್ದರೂ 'ನಾರ್ಮಲ್' ಅಂತ ಯಂತ್ರವೇ ಲೆಕ್ಕ ಹಾಕಿ ಕೊಡುತ್ತಿತ್ತು. ಎತ್ತರ, ವಯಸ್ಸು ತುಂಬಿದ ಮೇಲೆ 'ಎತ್ನಿಸಿಟಿ' ಅಂತ ಒಂದು ಖಾನೆ ಬರುತ್ತದೆ, ನೀವೂ ನೋಡಿರುತ್ತೀರಿ.

ಇದರಿಂದ ಏನಾಯಿತು? ಕಾಯಿಲೆ ಇರುವವರೂ ಕಾಗದದ ಮೇಲೆ ಆರೋಗ್ಯವಂತರಾದರು. 1999ರಲ್ಲಿ ಬಾಲ್ಟಿಮೋರ್‌ನ ಕೋರ್ಟಿನಲ್ಲಿ ಒಂದು ಕಂಪನಿ ಇದನ್ನೇ ವಾದ ಮಾಡಿಕೊಂಡಿತು. ಆಸ್ಬೆಸ್ಟಾಸ್‌ನಿಂದ ಶ್ವಾಸಕೋಶ ಹಾಳಾದ ಕಪ್ಪು ಕಾರ್ಮಿಕರು ಪರಿಹಾರ ಕೇಳಬೇಕಾದರೆ, ಬಿಳಿಯರಿಗಿಂತ ಜಾಸ್ತಿ ಹಾಳಾಗಿರಬೇಕು ಅಂತ. 2023ರಲ್ಲಿ ಅಲ್ಲಿನ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ, ಜನಾಂಗ ನೋಡದ ಲೆಕ್ಕವನ್ನೇ ಬಳಸಿ ಅಂತ ಹೇಳಿತು. ಹಚಿನ್ಸನ್‌ನಿಂದ ಅಲ್ಲಿಗೆ ಬರಲು ಸುಮಾರು 180 ವರ್ಷ ಬೇಕಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಬೇರೆ ಗುಂಪಿನವರ ಸರಾಸರಿ ಶ್ವಾಸಕೋಶದ ಅಳತೆ ಬೇರೆ ಬೇರೆ ಬರುತ್ತದೆ ಅನ್ನುವುದು ಸುಳ್ಳಲ್ಲ. ಬಾಲ್ಯದ ಊಟ, ಒಲೆಯ ಹೊಗೆ, ಮತ್ತೆ ಮತ್ತೆ ಬಂದ ನ್ಯುಮೋನಿಯಾ, ಕುಳಿತಾಗಿನ ಎತ್ತರಕ್ಕೂ ಕಾಲಿನ ಉದ್ದಕ್ಕೂ ಇರುವ ವ್ಯತ್ಯಾಸ, ಇವೆಲ್ಲ ಅದರಲ್ಲಿ ಇರಬಹುದು. ನನ್ನ ತಕರಾರು ಅಂಕಿಯ ಮೇಲಲ್ಲ. ಹೊಗೆಯಿಂದ ಕುಗ್ಗಿದ ಶ್ವಾಸಕೋಶವನ್ನು 'ಇವರಿಗೆ ಇಷ್ಟೇ ಸಹಜ' ಅಂತ ಬರೆದುಕೊಳ್ಳುವುದರ ಮೇಲೆ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ವಾರಿ, ಕ್ರಷರ್‌ಗಳು ಎಷ್ಟಿವೆ ನೋಡಿ. ಕಲ್ಲು ಒಡೆಯುವ ಕೆಲಸದಲ್ಲಿ ತಲೆತಲಾಂತರದಿಂದ ಬೋವಿ ಸಮುದಾಯದವರು ಇದ್ದಾರೆ. ಈಗ ಒಡಿಶಾ, ಬಿಹಾರದಿಂದಲೂ ಹುಡುಗರು ಬಂದಿದ್ದಾರೆ. ನಾಳೆ ನಿಮ್ಮ ಓಪಿಡಿಗೆ ದಮ್ಮು ಅಂತ ಒಬ್ಬರು ಬಂದರೆ ಜಾತಿ ಕೇಳಿದರೆ ಅರ್ಧ ಸುಳಿವು ಸಿಗಬಹುದು. 'ಏನು ಕೆಲಸ, ಎಷ್ಟು ವರ್ಷದಿಂದ, ನೀರಿಲ್ಲದೆ ಕೊರೆಯುತ್ತೀರಾ ನೀರು ಹಾಕಿ ಕೊರೆಯುತ್ತೀರಾ' ಅಂತ ಕೇಳಿದರೆ ಪೂರ್ತಿ ಸಿಗುತ್ತದೆ. ಬೋವಿ ಸಮುದಾಯದ ಶಾಲಾ ಮೇಷ್ಟ್ರಿಗೆ ಸಿಲಿಕೋಸಿಸ್ ಬರುವುದಿಲ್ಲ.

ಈಗ ಕಿಡ್ನಿ. ಇದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಈ ಗಲಾಟೆ ಒಂದು ಮಟ್ಟಕ್ಕೆ ಮುಗಿದಿದೆ. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮಾಂಸಖಂಡದಿಂದ ಬರುವ ಕಸ, ಎಷ್ಟಿದೆ ಅಂತ ನೋಡಿ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಲೆಕ್ಕ ಹಾಕುತ್ತೇವೆ, ಅದೇ ಇಜಿಎಫ್‌ಆರ್. ಎಂಡಿಆರ್‌ಡಿ ಅನ್ನುವ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು ಶೇ 21ರಷ್ಟು ಹೆಚ್ಚಿಸುತ್ತಿದ್ದರು. 2009ರ ಸಿಕೆಡಿ ಎಪಿ ಸೂತ್ರದಲ್ಲಿ ಶೇ 16ರಷ್ಟು. ಅವರಿಗೆ ಮಾಂಸಖಂಡ ಜಾಸ್ತಿ, ಅದಕ್ಕೆ ಕ್ರಿಯಾಟಿನಿನ್ ಜಾಸ್ತಿ ಅನ್ನುವುದು ಕೊಟ್ಟ ಕಾರಣ. ಅಲ್ಲಿ ಕಿಡ್ನಿ ಕಸಿಯ ಸರದಿಯಲ್ಲಿ ಕಾಯುವ ಲೆಕ್ಕ ಶುರುವಾಗಬೇಕಾದರೆ ಇಜಿಎಫ್‌ಆರ್ 20ಕ್ಕೆ ಇಳಿಯಬೇಕು. ಒಂದೇ ಕ್ರಿಯಾಟಿನಿನ್ ಇರುವ ಇಬ್ಬರು ರೋಗಿಗಳು. ಬಿಳಿಯನಿಗೆ 19 ಬಂತು, ಸರದಿಗೆ ಸೇರಿದ. ಕಪ್ಪು ರೋಗಿಗೆ ಅದೇ ರಕ್ತಕ್ಕೆ 22 ಬಂತು. ಇನ್ನೂ ಕಾಯಿ ಅಂದರು. 2021ರಲ್ಲಿ ಜನಾಂಗ ತೆಗೆದ ಹೊಸ ಸೂತ್ರ ಬಂತು. 2023ರಿಂದ, ಹಳೆಯ ಸೂತ್ರದಿಂದ ಕಳೆದುಹೋದ ಕಾಯುವ ಕಾಲವನ್ನು ಕಪ್ಪು ರೋಗಿಗಳಿಗೆ ವಾಪಸ್ ಸೇರಿಸಿ ಕೊಡುವ ಕೆಲಸ ಶುರುವಾಯಿತು.

ನಮಗೆ ಇದರಲ್ಲಿ ಬೇಕಾದ ಭಾಗ ಮಾಂಸಖಂಡ. ಶ್ರೀನಿವಾಸಪುರದ ಎಪ್ಪತ್ತು ವರ್ಷದ ಬಡಕಲು ಅಜ್ಜಿಗೆ ಮೈಯಲ್ಲಿ ಮಾಂಸವೇ ಇಲ್ಲ. ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಕಿಡ್ನಿ ಕೆಟ್ಟಿದ್ದರೂ ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ. ನೀವು ರಿಪೋರ್ಟ್ ನೋಡಿ ನೋವಿನ ಮಾತ್ರೆ ಬರೆದುಕೊಟ್ಟರೆ ಕಥೆ ಮುಗಿಯಿತು. ಇಲ್ಲಿ ಜನಾಂಗ ಕಟ್ಟಿಕೊಂಡು ಏನು ಮಾಡುತ್ತೀರಿ? ಅಜ್ಜಿಯ ತೋಳು ನೋಡಿ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಇದೆ, ಅದು ಮಾಂಸಖಂಡದ ಮೇಲೆ ಅಷ್ಟು ನಿಂತಿಲ್ಲ.

ಸರಿ, ಇಲ್ಲಿಯವರೆಗೆ ಎಲ್ಲ ಅವರ ತಪ್ಪು ಹೇಳಿದ್ದಾಯಿತು. ನಮ್ಮ ವಿಷಯಕ್ಕೆ ಬರೋಣ. 'ಭಾರತೀಯರಿಗೆ ಶುಗರ್ ಜಾಸ್ತಿ, ಅದು ನಮ್ಮ ಜೀನ್ಸ್.' ಇದನ್ನು ನಾವೇ ಹೇಳಿಕೊಳ್ಳುತ್ತೇವೆ. 2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಜಾಸ್ತಿ. ಆದ್ದರಿಂದ ಸಂಗತಿ ಸುಳ್ಳಲ್ಲ. ಬಿಳಿಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25 ದಾಟಿದರೆ ತೂಕ ಜಾಸ್ತಿ ಅನ್ನುತ್ತೇವೆ, ನಮಗೆ 23ಕ್ಕೇ ಎಚ್ಚರಿಕೆ ಕೊಡುತ್ತೇವೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಈ ಗಡಿಗಳನ್ನು ನಾನೂ ಬಳಸುತ್ತೇನೆ, ನೀವೂ ಬಳಸಿ. ಉಪಯೋಗ ಇದೆ.

ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ಇಬ್ಬರೂ ಸೇರಿ 2004ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರ ಬಿಎಂಐ 22.3. ಒಂದು ಗುಂಜಿ ವ್ಯತ್ಯಾಸ ಇಲ್ಲ. ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಕ್ಲಾಸಿನಲ್ಲಿ ಈ ಫೋಟೋ ತೋರಿಸಿ 'ನೋಡಿ, ಭಾರತೀಯ ಶರೀರ' ಅಂತ ಮುಂದಕ್ಕೆ ಹೋಗುತ್ತಾರೆ. ಯಾಜ್ಞಿಕ್ ಅಲ್ಲಿಗೆ ನಿಲ್ಲಿಸಿರಲಿಲ್ಲ. ಆ ಕೊಬ್ಬು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದರು. ಪುಣೆ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ತೂಗಿದರು. ಸರಾಸರಿ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5. ಅಷ್ಟು ಸಣ್ಣ ಕೂಸುಗಳಲ್ಲೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಆಗಿರಲಿಲ್ಲ. ಮಾಂಸ ಇಲ್ಲ, ಕೊಬ್ಬು ಇದೆ. ಗರ್ಭದಲ್ಲಿ ಊಟ ಸಾಲದೇ ಇದ್ದಾಗ ಶರೀರ ಮಾಡಿಕೊಂಡ ಹೊಂದಾಣಿಕೆ ಇದು ಅನ್ನುವುದು ಅವರ ವಾದ.

ಇನ್ನೂ ಹತ್ತಿರ ಬನ್ನಿ, ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಕರೆಯುವುದು ಮಿಷನ್ ಆಸ್ಪತ್ರೆ ಅಂತ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಹಾಗೇ ಉಳಿದಿದ್ದವು. ನಮ್ಮಲ್ಲಿ ಹಳೆಯ ದಾಖಲೆಗಳನ್ನು ಗೆದ್ದಲು ತಿನ್ನದೆ ಬಿಟ್ಟದ್ದೇ ಒಂದು ಪವಾಡ. ಆ ಪುಸ್ತಕ ಹಿಡಿದು, ಆಗ ನಡುವಯಸ್ಸಿಗೆ ಬಂದಿದ್ದ ಆ 'ಕೂಸು'ಗಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಎಲ್ಲರೂ ಮೈಸೂರಿನವರೇ. ಎಲ್ಲರೂ 'ಸೌತ್ ಏಷ್ಯನ್' ಅನ್ನುವ ಒಂದೇ ಖಾನೆಯವರು. ಆದರೂ ಅಪಾಯ ಒಂದೇ ಸಮ ಇರಲಿಲ್ಲ. ತಾಯಿಯ ಹೊಟ್ಟೆಗೆ ಏನು ಬಿತ್ತು ಅನ್ನುವುದರ ಗುರುತು ನಡುವಯಸ್ಸಿನಲ್ಲಿ ಸಿಕ್ಕಿತು.

ಇದೆಲ್ಲ ಸೇರಿ ಜೀನ್‌ಗೆ ಪಾತ್ರವೇ ಇಲ್ಲ ಅನ್ನುತ್ತಿಲ್ಲ. ಇದೆ. ಆದರೆ 'ನಮ್ಮ ಜನಾಂಗವೇ ಹೀಗೆ' ಅಂತ ಬರೆದು ಮುಗಿಸಿದರೆ ಗರ್ಭಿಣಿಯ ತಟ್ಟೆಯ ಬಗ್ಗೆ ಮಾತಾಡುವವರು ಯಾರು? ಇಲ್ಲಿ ಕೂತಿರುವ ಆಶಾ ಅಕ್ಕಂದಿರು ತಾಯಿ ಕಾರ್ಡಿನಲ್ಲಿ ಬರೆಯುವ ತೂಕ ಮುಂದಿನ ತಲೆಮಾರಿನ ಶುಗರ್ ಕ್ಲಿನಿಕ್‌ಗೆ ಸಂಬಂಧಪಟ್ಟದ್ದು. ಅದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಈಗ ನನ್ನ ವಾದಕ್ಕೆ ಕಷ್ಟ ಕೊಡುವ ಉದಾಹರಣೆ. ಅನಸ್ತೇಷಿಯಾ ಓದುತ್ತಿರುವವರಿಗೆ ಗೊತ್ತಿರುತ್ತದೆ. ಸಕ್ಸಿನೈಲ್‌ಕೋಲಿನ್, ನಮ್ಮ ಆಪರೇಷನ್ ಥಿಯೇಟರಿನಲ್ಲಿ ಸ್ಕೋಲಿನ್. ಉಸಿರಿನ ಕೊಳವೆ ಹಾಕಲು ಸ್ನಾಯು ಸಡಿಲ ಮಾಡುವ ಔಷಧಿ. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಅದನ್ನು ಕೆಲವೇ ನಿಮಿಷದಲ್ಲಿ ಒಡೆದುಹಾಕುತ್ತದೆ. ಆ ಕಿಣ್ವ ಇಲ್ಲದವರಿಗೆ ಅದು ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ರೋಗಿ ತಾನಾಗಿ ಉಸಿರಾಡುವುದಿಲ್ಲ. ವೆಂಟಿಲೇಟರ್ ಇದ್ದರೆ ಏನೂ ತೊಂದರೆ ಇಲ್ಲ, ಕಾಯಬೇಕು ಅಷ್ಟೇ. ಇಲ್ಲದಿದ್ದರೆ ಪ್ರಾಣಕ್ಕೆ ಕುತ್ತು. ಈ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಜಾಸ್ತಿ. ಅದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನೇ ಗುರುತಿಸಿದ್ದಾರೆ. ಕೋಲಾರ, ಚಿಂತಾಮಣಿ, ಪಾವಗಡ, ಮಧುಗಿರಿ, ಎಲ್ಲ ಪೇಟೆಯಲ್ಲೂ ಈ ಸಮುದಾಯದ ಅಂಗಡಿಗಳಿವೆ. ಇದು ನಮಗೆ ಪುಸ್ತಕದ ಮಾತಲ್ಲ.

ಯಾಕೆ ಹೀಗೆ? ಹತ್ತಾರು ತಲೆಮಾರು ಒಳಗೊಳಗೇ ಮದುವೆ. ಆರಂಭದ ಸಣ್ಣ ಗುಂಪಿನಲ್ಲಿ ಯಾರಿಗೋ ಇದ್ದ ಜೀನ್ ಬದಲಾವಣೆ ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. 2017ರಲ್ಲಿ ನೇಚರ್ ಜೆನೆಟಿಕ್ಸ್‌ನಲ್ಲಿ ಬಂದ ಅಧ್ಯಯನ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿತು. 81 ಗುಂಪುಗಳಲ್ಲಿ ಈ ಪರಿಣಾಮ ಯೂರೋಪಿನ ಅಶ್ಕೆನಾಜಿ ಯಹೂದಿಗಳು, ಫಿನ್ಲೆಂಡಿನವರಿಗಿಂತ ಬಲವಾಗಿತ್ತು. ಅಂದರೆ ನಮ್ಮಲ್ಲಿ ಜಾತಿ ಅನ್ನುವುದು ಸಮಾಜದ ಕಟ್ಟು ಅಷ್ಟೇ ಅಲ್ಲ, ರಕ್ತದಲ್ಲೂ ಗುರುತು ಬಿಟ್ಟಿದೆ. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಮೇಲೆ ನಮ್ಮ ಕಡೆ ಸೋದರಮಾವನಿಗೇ ಕೊಟ್ಟು ಮದುವೆ ಮಾಡುವ ಪದ್ಧತಿ ಬೇರೆ ಇದೆ, ಹಲವು ಜಾತಿಗಳಲ್ಲಿ.

ಹಾಗಾದರೆ ಹೆಸರು ನೋಡಿ ತೀರ್ಮಾನ ಮಾಡೋಣವಾ? ಕೇಸ್ ಶೀಟಿನಲ್ಲಿ 'ಶೆಟ್ಟಿ' ಅಂತ ಇದೆ. ಕೋಲಾರದಲ್ಲಿ ಆರ್ಯವೈಶ್ಯರೂ ಶೆಟ್ಟರೇ, ಬಲಿಜರಲ್ಲೂ ಶೆಟ್ಟರಿದ್ದಾರೆ. ಮಂಗಳೂರಿನಿಂದ ಬಂದು ಹೋಟೆಲ್ ಇಟ್ಟ ಬಂಟರೂ ಶೆಟ್ಟರು. ಯಾವ ಶೆಟ್ಟರು? ಇನ್ನು 'ಮಂಜುನಾಥ್ ಕೆ' ಅಂತ ಇದ್ದರೆ ಏನೂ ಗೊತ್ತಾಗುವುದಿಲ್ಲ. ವೈಶ್ಯರಲ್ಲೂ ಬಹುಪಾಲು ಜನರಿಗೆ ಈ ಕೊರತೆ ಇಲ್ಲ. ಬೇರೆ ಜಾತಿಯವರಿಗೂ ಅಪರೂಪಕ್ಕೆ ಇರುತ್ತದೆ. ಆದ್ದರಿಂದ ಸಮುದಾಯ ಗೊತ್ತಾದರೆ ಕಿವಿ ನೆಟ್ಟಗಾಗಲಿ, ತಪ್ಪಿಲ್ಲ. ಆದರೆ ಎಲ್ಲರಿಗೂ ಕೇಳಬೇಕಾದ ಪ್ರಶ್ನೆ ಒಂದು: 'ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರು ಬರೋದು ತಡ ಆಗಿತ್ತಾ? ಮೆಷಿನ್ ಮೇಲೆ ಇಟ್ಟಿದ್ದರಾ?' ಅನುಮಾನ ಇದ್ದರೆ ರಕ್ತದಲ್ಲಿ ಕಿಣ್ವ ಅಳೆಯಿರಿ. ಆ ಪರೀಕ್ಷೆ ನಿಮ್ಮ ಲ್ಯಾಬಿನಲ್ಲಿ ಆಗಲೇ ಇರುತ್ತದೆ. ಟೊಮೆಟೊಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರಿಗೆ ದಿನಾ ಅದನ್ನೇ ಮಾಡಿಸುತ್ತೀರಲ್ಲ, ಅದೇ ಟೆಸ್ಟು.

ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಅನುವಂಶೀಯ ಕಾಯಿಲೆ, ಅದರ ಬಗ್ಗೆ ಎರಡೇ ಮಾತು. 1910ರಲ್ಲಿ ಷಿಕಾಗೋದಲ್ಲಿ ಮೊದಲು ವರದಿ ಆಯಿತು, ಕಪ್ಪು ಜನರ ಕಾಯಿಲೆ ಅಂತ ಮುದ್ರೆ ಬಿತ್ತು. 1952ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲೂ ಸಿಕ್ಕಿತು. ಗ್ರೀಸ್‌ನ ಹಳ್ಳಿಗಳಲ್ಲೂ ಇದೆ. ಇವರೆಲ್ಲರ ಮೈಬಣ್ಣ ಒಂದೇ ಅಲ್ಲ. ಆ ಜೀನ್ ಉಳಿದುಕೊಂಡದ್ದು ಮಲೇರಿಯಾ ಇದ್ದ ಕಡೆಗಳಲ್ಲಿ. ಈಗ ಚಾಮರಾಜನಗರದ ಸೋಲಿಗರಲ್ಲಿ, ಎಚ್.ಡಿ. ಕೋಟೆ ಕಡೆಯ ಜೇನುಕುರುಬರಲ್ಲಿ ರಕ್ತ ಪರೀಕ್ಷೆ ನಡೆಯುತ್ತಿದೆ. ಅದು ಸರಿ. ಯಾರಲ್ಲಿ ಮೊದಲು ಹುಡುಕಬೇಕು ಅನ್ನುವುದಕ್ಕೆ ಸಮುದಾಯದ ಮಾಹಿತಿ ಬೇಕು. ಯಾರಿಗೆ ಇದೆ ಅಂತ ಹೇಳುವುದು ರಕ್ತದ ಪರೀಕ್ಷೆ.

ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆ, ಅದರ ಮಾತಿಲ್ಲದೆ ಕೋಲಾರದಲ್ಲಿ ಭಾಷಣ ಮುಗಿಯುವುದಿಲ್ಲ. ಹಲ್ಲಿನ ಮೇಲೆ ಕಂದು ಗೆರೆ ನೋಡಿದರೆ ಯಾವ ಜಾತಿ ಅಂತ ನೀವು ಕೇಳುವುದಿಲ್ಲ, ಯಾವ ಬೋರ್‌ವೆಲ್ ಅಂತ ಕೇಳುತ್ತೀರಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ ಕುಡಿದರೆ ಯಾವ ಮಗುವಿಗೂ ಕಲೆ ಬರಬಹುದು. ಇದು ನಿಮಗೆ ಎಷ್ಟು ಸಹಜವಾಗಿ ಗೊತ್ತಿದೆ ನೋಡಿ. ಯಾಕೆ? ಕಾರಣ ಕಣ್ಣೆದುರಿಗೆ ಇದೆ. ಆದರೆ ಇನ್ನೂ ಒಂದು ಹೆಜ್ಜೆ ಇಡಿ. ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಅದು ಕಾಲೊನಿಯಿಂದ ಎಷ್ಟು ದೂರ? ಕೂಲಿ ಸಿಗದ ದಿನ ಆ ನಾಣ್ಯ ಇರುತ್ತದಾ? ಇಲ್ಲಿ ಜಾತಿ ಹಿಂಬಾಗಿಲಿನಿಂದ ಮತ್ತೆ ಬರುತ್ತದೆ, ನೀರಿನ ದಾರಿಯಲ್ಲಿ. ಆದ್ದರಿಂದ ಸಮೀಕ್ಷೆಯಲ್ಲಿ ಜಾತಿಯ ಕಾಲಂ ಕಿತ್ತು ಹಾಕಿ ಅಂತ ಹೇಳುವವನು ನಾನಲ್ಲ. ಅದನ್ನು ಕಿತ್ತರೆ ಅನ್ಯಾಯ ಎಲ್ಲಿ ಆಗುತ್ತಿದೆ ಅಂತಲೇ ಕಾಣುವುದಿಲ್ಲ.

ಕೊನೆಗೆ ಚರ್ಮದ ಬಣ್ಣ. ಇದು ನಿಜವಾಗಿಯೂ ಲೆಕ್ಕಕ್ಕೆ ಬರುವ ಜಾಗಗಳಿವೆ, ಅಲ್ಲೇ ನಾವು ಪಾಠ ಮಾಡುವುದಿಲ್ಲ. ಚರ್ಮರೋಗದ ಪುಸ್ತಕದಲ್ಲಿ ದದ್ದು ಅಂದರೆ ಕೆಂಪು, ಚಿತ್ರದಲ್ಲಿ ಬಿಳಿ ಚರ್ಮ. ನಮ್ಮ ರೋಗಿಯ ಮೈಮೇಲೆ ಅದೇ ದದ್ದು ನೇರಳೆ, ಕಂದು, ಕೆಲವು ಸಲ ಬೂದು. ರಕ್ತ ಕಡಿಮೆ ಇದೆಯಾ ಅಂತ ನೋಡಲು ಕೆನ್ನೆ ನೋಡಿ ಪ್ರಯೋಜನ ಇಲ್ಲ, ಕಣ್ಣಿನ ಕೆಳರೆಪ್ಪೆ, ಅಂಗೈ, ನಾಲಿಗೆ ನೋಡಬೇಕು. ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬೆರಳಿನೊಳಗೆ ಬೆಳಕು ಹಾಯಿಸಿ ಓದುತ್ತದೆ. ಬಣ್ಣ ಗಾಢವಾದರೆ ಓದು ಏರುಪೇರಾಗುತ್ತದೆ. 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಯಂತ್ರ 92ರಿಂದ 96 ತೋರಿಸಿದ ಓದುಗಳನ್ನು ರಕ್ತ ಪರೀಕ್ಷೆಯ ಜೊತೆ ಇಟ್ಟು ನೋಡಿತು. ರಕ್ತದಲ್ಲಿ ನಿಜವಾದ ಅಂಕಿ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಇಲ್ಲೂ ಜನಾಂಗ ಅಲ್ಲ, ಬಣ್ಣ ಮತ್ತು ಬೆಳಕು. ಕೋಲಾರದ ಬಿಸಿಲಲ್ಲಿ ದುಡಿಯುವ ಕೈಗೂ ಅದೇ ಭೌತಶಾಸ್ತ್ರ. ಕಿಡ್ನಿಯ ಸೂತ್ರದೊಳಗೆ ಜನಾಂಗ ತುರುಕಲು ಸಮಯ ಇದ್ದವರಿಗೆ, ಯಂತ್ರವನ್ನು ಎಲ್ಲ ಬಣ್ಣದ ಬೆರಳಿನ ಮೇಲೆ ಸರಿಯಾಗಿ ಪರೀಕ್ಷೆ ಮಾಡಲು ಸಮಯ ಸಿಗಲಿಲ್ಲ ನೋಡಿ.

ಇನ್ನು ಪ್ರಶ್ನೆಗಳು.

ಎಂಬಿಬಿಎಸ್ ಮೂರನೇ ವರ್ಷದ ಹುಡುಗಿ ಕೇಳಿದ್ದು: 'ಸರ್, ಫ್ಯಾಮಿಲಿ ಸ್ಟಡಿ ಬರೆಯುವಾಗ ರಿಸ್ಕ್ ಫ್ಯಾಕ್ಟರ್ ಅಂತ ಕೆಳಗೆ ಹೆಣ್ಣು, ಎಸ್‌ಟಿ, ಅನಕ್ಷರಸ್ಥೆ ಅಂತ ಬರೆಯುತ್ತೇವೆ. ಹಾಗೆ ಬರೆಯಬಾರದಾ?'

ಎಸ್‌ಟಿ ಅನ್ನುವುದನ್ನು ಮೇಲಿನ ಪರಿಚಯದ ಭಾಗದಲ್ಲಿ ಬರೆಯಿರಿ, ಅದು ಅಲ್ಲಿ ಬೇಕು. ರಿಸ್ಕ್ ಫ್ಯಾಕ್ಟರ್ ಅಂತ ಬರೆಯುವ ಜಾಗದಲ್ಲಿ, ಅದರಿಂದ ಈ ಮನೆಯಲ್ಲಿ ಏನಾಗಿದೆ ಅಂತ ಬರೆಯಿರಿ. ರೇಷನ್ ಕಾರ್ಡ್ ಇಲ್ಲ, ಹೊಲ ಇಲ್ಲ, ಮೂರು ಹೆರಿಗೆಯ ನಡುವೆ ಅಂತರ ಇಲ್ಲ, ಕಬ್ಬಿಣದ ಮಾತ್ರೆ ತಂದಿದ್ದಾರೆ ಆದರೆ ಹೊಟ್ಟೆ ತೊಳಸುತ್ತೆ ಅಂತ ಬಿಟ್ಟಿದ್ದಾರೆ. ನಾಲ್ಕು ಸಾಲು ಜಾಸ್ತಿ ಆಗುತ್ತದೆ. ಎಕ್ಸಾಮಿನರ್ ಸಿಟ್ಟಾದರೆ ನನ್ನ ಹೆಸರು ಹೇಳಿ.

ಒಬ್ಬ ಹೌಸ್ ಸರ್ಜನ್ ಕೇಳಿದ್ದು: 'ರೋಗಿಯ ಜಾತಿ ಕೇಳುವುದಕ್ಕೇ ಮುಜುಗರ ಆಗುತ್ತದೆ ಸರ್. ಹೇಗೆ ಕೇಳುವುದು?'

ಮುಜುಗರ ಆಗುವುದು ಒಳ್ಳೆಯದೇ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲು ಹೇಳಿ. 'ಕೆಲವು ಮನೆತನಗಳಲ್ಲಿ ಈ ಔಷಧಿ ಒಗ್ಗುವುದಿಲ್ಲ, ಅದಕ್ಕೆ ಕೇಳುತ್ತಿದ್ದೇನೆ' ಅಂದರೆ ಜನ ತಾವೇ ಹೇಳುತ್ತಾರೆ, ಜೊತೆಗೆ ಅತ್ತಿಗೆಯ ತಮ್ಮನಿಗೆ ಏನಾಗಿತ್ತು ಅಂತಲೂ ಹೇಳುತ್ತಾರೆ. ನಿಮಗೆ ಬೇಕಾದದ್ದು ಆ ಎರಡನೆಯದು. ಕಾರಣ ಹೇಳಲಾಗದಿದ್ದರೆ ಕೇಳಬೇಡಿ.

ಬಂಗಾರಪೇಟೆ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಕೇಳಿದ್ದು: 'ಕೋವಿಡ್ ಟೈಮಲ್ಲಿ ಕೊಟ್ಟ ಬೆರಳಿನ ಮೆಷಿನ್ ನನ್ನ ಹತ್ರ ಇನ್ನೂ ಇದೆ ಸರ್. ಅದನ್ನ ನಂಬೋದಾ ಬೇಡ್ವಾ?'

ಇಟ್ಟುಕೊಳ್ಳಿ ಅಕ್ಕ, ಬಿಸಾಕಬೇಡಿ. ಮದರಂಗಿ, ನೈಲ್ ಪಾಲಿಷ್ ಇದ್ದರೆ ಬೇರೆ ಬೆರಳಿಗೆ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಒಂದೇ ಸಲ ನೋಡಿ ಬಿಡಬೇಡಿ. ಬೆಳಿಗ್ಗೆ 97 ಇದ್ದದ್ದು ಸಂಜೆ 94 ಆಗಿದ್ದರೆ ಆ ಇಳಿತವೇ ಸುದ್ದಿ. ಜೊತೆಗೆ ನಿಮ್ಮ ಫೋನಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎದೆ ಎಷ್ಟು ಸಲ ಏಳುತ್ತದೆ ಅಂತ ಎಣಿಸಿ. ದೊಡ್ಡವರಿಗೆ 24 ದಾಟಿದರೆ, ಅಥವಾ ಒಂದು ಮಾತು ಪೂರ್ತಿ ಆಡಲು ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರೆ, ಮೆಷಿನ್ 95 ತೋರಿಸಿದರೂ 108ಕ್ಕೆ ಫೋನ್ ಮಾಡಿ.